ಜತ್ತಪ್ಪನಿಗೆ ಬಿದ್ದ ಮರ್ಮದ ಏಟು

ಜತ್ತಪ್ಪನ ಕಾಲು ಮುರಿದದ್ದು ಮರ್ಮದ ಏಟಿನಿಂದ ಎಂದು ಕಡಬದ ಪೇಟೆಯಲ್ಲಿ ಈಗಲೂ ಹೇಳುತ್ತಾರೆ. ಹೊಡೆದವಳು ನಾನು. ಮನುಷ್ಯನ ಮೈಯಲ್ಲಿ ಮರ್ಮ ಎಲ್ಲೆಲ್ಲಿ ಇರುತ್ತದೆ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಆ ಶಾಲೆಗೆ ಸೇರಿದ್ದು ೧೯೬೧ರ ಜೂನಿನಲ್ಲಿ. ಕಡಬದಿಂದ ಎರಡೂವರೆ ಮೈಲಿ ಒಳಗೆ, ಗಾಡಿದಾರಿಯ ಕೊನೆಗೆ ಇದ್ದ ಹೈಯರ್ ಎಲಿಮೆಂಟರಿ ಶಾಲೆ. ಅದಕ್ಕೆ ಹದಿನಾರು ತಿಂಗಳ ಹಿಂದೆ ನನ್ನ ಗಂಡ ಕುಶಾಲಪ್ಪ ಸಂಪಾಜೆ ಘಾಟಿಯಲ್ಲಿ ಮರದ ಲಾರಿ ಮಗುಚಿ ಸತ್ತಿದ್ದರು. ಮದುವೆಯಾಗಿ ಎರಡು ವರ್ಷವಾಗಿತ್ತು. ನನಗೆ ಇಪ್ಪತ್ತೈದು. ಮೈಸೂರಿನಲ್ಲಿ ಓದಿ ಪಡೆದ ಬಿ.ಎ. ಕಾಗದ ಪೆಟ್ಟಿಗೆಯಲ್ಲಿ ಸೀರೆಗಳ ಅಡಿಯಲ್ಲಿತ್ತು.

ನಾನು ಕೆಲಸಕ್ಕೆ ಹೋಗುವುದಕ್ಕೆ ಗಂಡನ ಅಣ್ಣ ತೀರ್ಥರಾಮ ಭಾವ ಒಪ್ಪಿದ್ದು ಒಂದು ಕರಾರಿನ ಮೇಲೆ. ನನ್ನ ಬಗ್ಗೆ ಒಂದು ಮಾತು ಅವರ ಕಿವಿಗೆ ಬಿದ್ದರೂ ಆ ದಿನವೇ ಬಸ್ಸು ಹತ್ತಿ ಸಂಪಾಜೆಯ ಮನೆಗೆ ಬರಬೇಕು. ಆ ಮಾತಿನಲ್ಲಿ ತಪ್ಪು ನನ್ನದೋ ಬೇರೆಯವರದೋ ಎಂಬ ವಿಂಗಡಣೆ ಕರಾರಿನಲ್ಲಿ ಇರಲಿಲ್ಲ. ಆ ಮನೆಯಲ್ಲಿ ನನಗೆ ಅಡಿಗೆಮನೆಯ ಪಕ್ಕದ ಕೋಣೆ. ಅದರ ಕಿಟಕಿ ತೆರೆದರೆ ದನದ ಹಟ್ಟಿ. ಹದಿನಾರು ತಿಂಗಳು ಅಲ್ಲಿ ಕೂತಿದ್ದೆ. ಪುನಃ ಅಲ್ಲಿಗೆ ಹೋಗಬಾರದು ಎಂಬುದಷ್ಟೇ ಆಗ ನನ್ನೊಳಗೆ ಗಟ್ಟಿಯಾಗಿದ್ದದ್ದು. ಅದನ್ನು ಬಿಟ್ಟು ಬೇರೆ ಆಸೆ ಇರಲಿಲ್ಲ, ದುಃಖ ಕೂಡ ಇರಲಿಲ್ಲ.

ಕಡಬದಲ್ಲಿ ಬ್ರಿಜಿತ್ ಬಾಯಿಯ ಮನೆಯ ಜಗಲಿಗೆ ಸೇರಿದ ಒಂದು ಕೋಣೆಯಲ್ಲಿ ನಾನು ಮತ್ತು ಲೋಲಾಕ್ಷಿ ಎಂಬ ಇನ್ನೊಬ್ಬ ಟೀಚರ್ ಇದ್ದೆವು. ಲೋಲಾಕ್ಷಿ ಪುತ್ತೂರಿನವಳು, ಇಪ್ಪತ್ತು ವರ್ಷ, ಎಲ್ಲವನ್ನೂ ನಂಬುವವಳು. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ನಡೆಯುತ್ತಿದ್ದೆವು. ಸಂಜೆ ನನಗೆ ಏಳನೆಯ ತರಗತಿಯ ಹೆಚ್ಚಿನ ಪಾಠವಿದ್ದ ದಿನ ನಾನೊಬ್ಬಳೇ.

ಜತ್ತಪ್ಪ ಕಾಣಿಸಿಕೊಳ್ಳುತ್ತಿದ್ದದ್ದು ಆ ಸಂಜೆಗಳಲ್ಲಿ. ಅವನು ಪಟೇಲರ ಮಗ. ಬಿಳಿ ಅಂಗಿ, ಕೈಗೆ ವಾಚು, ಹೊಸ ಸೈಕಲ್ಲು. ಗೇರುಗುಡ್ಡೆಯ ತಿರುವಿನಲ್ಲಿ ಸೈಕಲ್ಲನ್ನು ದಾರಿಗೆ ಅಡ್ಡ ನಿಲ್ಲಿಸಿ, ಚೈನಿನಲ್ಲಿ ಏನೋ ತೊಂದರೆ ಇರುವವನ ಹಾಗೆ ಬಗ್ಗಿ ಕೂರುವನು. ನಾನು ಪಕ್ಕದ ಪೊದೆಗೆ ಇಳಿದು ದಾಟಬೇಕು. ಮೊದಲು ಬರಿಯ ನೋಟ. ಆಮೇಲೆ ಮಾತು. ಗಂಡ ಸತ್ತ ಹೆಂಗಸಿಗೆ ರಾತ್ರಿ ನಿದ್ದೆ ಬರುತ್ತದೆಯೇ ಎಂದು ವಿಚಾರಿಸಿದ. ಜುಲೈ ಮೊದಲಿಗೆ ಒಂದು ದಿನ ನನ್ನ ಕೊಡೆಯ ತುದಿ ಹಿಡಿದು ಎಳೆದ. ಕೊಡೆ ಬಿಟ್ಟು ನೆನೆಯುತ್ತಾ ಕಡಬಕ್ಕೆ ಬಂದೆ. ಮರುದಿನ ಕೊಡೆ ಶಾಲೆಯ ಗೇಟಿನಲ್ಲಿ ನೇತಾಡುತ್ತಿತ್ತು, ಒಣಗಿಸಿ ಮಡಚಿ.

ಶಾಲೆಯ ಮೆನೇಜರು ಬೋಜಪ್ಪ ಗೌಡರು. ಅವರಿಗೆ ಹೋಗಿ ಹೇಳಿದೆ. ಅವರ ಮನೆಯಿಂದ ಪಟೇಲರ ಮನೆಗೆ ಒಂದು ಸಣ್ಣ ನೀರಿನ ತೋಡು ದಾಟಿದರೆ ಆಯಿತು. ಐದು ನಿಮಿಷದ ಕೆಲಸ. ಬೋಜಪ್ಪನವರು ಬಹಳ ಹೊತ್ತು ಎಲೆಯಡಿಕೆ ಜಗಿದರು.

"ಪಟೇಲರಲ್ಲಿ ಹೇಳಬಹುದು ಟೀಚರೇ. ಹೇಳಿದ್ರೆ ವಿಷಯ ದೊಡ್ಡದಾಗ್ತದೆ. ನಿಮ್ಮ ಭಾವನವರ ಕಿವಿಗೂ ಹೋಗ್ತದೆ. ಅದು ನಿಮಗೆ ಬೇಕಾ?"

ಬೇಡ ಎಂದೆ. ಅವರಿಗೆ ಸಮಾಧಾನವಾಯಿತು. ಶಾಲೆ ನಿಂತಿದ್ದ ಜಾಗ ಪಟೇಲರು ಕೊಟ್ಟದ್ದು ಎಂಬುದನ್ನು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ವಾರ ಕಳೆದು ಅವರೇ ನನ್ನನ್ನು ಕರೆಸಿ ಪರಿಹಾರ ತಿಳಿಸಿದರು. ನಮ್ಮ ಹೆಂಗಸರು ಅಬಲೆಯರಾಗಿಯೇ ಉಳಿಯಬಾರದಂತೆ. ನಮ್ಮ ಹಿರಿಯರಲ್ಲಿ ವಿದ್ಯೆ ಇತ್ತಂತೆ. ಕಳರಿ ಎಂಬ ಯುದ್ಧವಿದ್ಯೆಯ ಒಬ್ಬ ಅಭ್ಯಾಸಿ ಬರಿಗೈಯಲ್ಲಿ ಹತ್ತು ಜನರನ್ನು ಮಲಗಿಸಬಲ್ಲನಂತೆ. ಪ್ರತಿ ಶನಿವಾರ ಮಧ್ಯಾಹ್ನ ಶಾಲೆಯ ಹಾಲಿನಲ್ಲಿ ಟೀಚರುಗಳಿಗೆ ಕಳರಿ ತರಬೇತಿ. ಕಲಿಸುವವರು ನೆಲ್ಯಾಡಿಯ ಕಡೆಯ ಈಪ್ಪನ್ ಆಶಾನ್. ಆಶಾನ್ ಎಂದರೆ ಮಲಯಾಳದಲ್ಲಿ ಗುರು.

ಒಬ್ಬ ಗಂಡಸು ತೋಡು ದಾಟುವುದನ್ನು ತಪ್ಪಿಸಲಿಕ್ಕೆ ಮೂವರು ಹೆಂಗಸರು ಏಳು ತಿಂಗಳು ಕಾಲೆತ್ತಬೇಕಾಯಿತು.

ಈಪ್ಪನ್ ಆಶಾನ್‌ಗೆ ಅರುವತ್ತು ದಾಟಿತ್ತು. ತಿರುವಾಂಕೂರಿನಿಂದ ಬಂದು ಕಾಡು ಕಡಿದು ರಬ್ಬರ್ ಹಾಕಿದ ಮೊದಲ ಕೆಲವರಲ್ಲಿ ಒಬ್ಬರು. ಅವರ ಕಳರಿ ಗರಡಿಯಲ್ಲಿ ಆಗ ಎಂಟು ಜನ ಶಿಷ್ಯರು ಉಳಿದಿದ್ದರು, ಅದರಲ್ಲಿ ಮೂವರು ಅವರ ಅಕ್ಕತಂಗಿಯರ ಮಕ್ಕಳು. ಮೊದಲ ಶನಿವಾರ ಹಾಲಿನ ಮೂಲೆಯಲ್ಲಿ ದೀಪ ಹಚ್ಚಿ, ನೆಲ ಮುಟ್ಟಿ ಎದೆ ಮುಟ್ಟಿ ವಂದನೆ ಮಾಡುವುದನ್ನು ತೋರಿಸಿದರು. ನಾನು ಮುಂದೆ ಹೋದಾಗ ಬೋಜಪ್ಪನವರು ಕೆಮ್ಮಿದರು. ಮೊದಲ ವಂದನೆ ಲೋಲಾಕ್ಷಿ ಟೀಚರ್ ಮಾಡಲಿ, ಶುಭದ ಕೆಲಸ ಎಂದರು. ನನಗಾಗಿಯೇ ಹಚ್ಚಿದ ದೀಪಕ್ಕೆ ನಾನು ಮೂರನೆಯವಳಾಗಿ ಕೈಮುಗಿದೆ.

ಎರಡನೆಯವಳು ವತ್ಸಮ್ಮ. ಹೊಲಿಗೆ ಟೀಚರು. ಅವಳ ಮನೆ ಶಾಲೆಯ ಹಿಂದೆಯೇ. ಯಾವ ದಾರಿಯ ಭಯವೂ ಅವಳಿಗಿಲ್ಲ, ನಗಲಿಕ್ಕೆ ಬರುತ್ತಿದ್ದಳು. ಆಶಾನ್ ಅವಳಿಗೆ ಚಿಕ್ಕಂದಿನಿಂದ ಗೊತ್ತು. ನನ್ನ ಕಿವಿಯಲ್ಲಿ ಹೇಳಿದಳು: "ನಮ್ಮ ಅಪ್ಪಚ್ಚನ ಮೊಣಕಾಲು ಸರಿ ಮಾಡಿದ್ದು ಇವರೇ. ಎಣ್ಣೆ ಹಾಕಿ ತಿಕ್ಕಲಿಕ್ಕೆ ಇವರಷ್ಟು ಒಳ್ಳೆಯವರು ಇಲ್ಲ. ಜಗಳಕ್ಕೆ ಕರ್ಕೊಂಡು ಹೋದ್ರೆ ಮಾತ್ರ ಬರುವಾಗ ನಾವೇ ಹೊತ್ಕೊಂಡು ಬರ್ಬೇಕು."

ಕಳರಿಯಲ್ಲಿ ಎಲ್ಲವೂ ಆಶಾನ್‌ರ ಬಾಯಿಯಿಂದ ನಡೆಯುತ್ತದೆ. ಇದಕ್ಕೆ ವಾಯ್ತಾರಿ ಎನ್ನುತ್ತಾರೆ. ಅವರು ಮಲಯಾಳದಲ್ಲಿ ಒಂದೊಂದೇ ಪದ ಕೂಗಬೇಕು, ಆ ಪದಕ್ಕೆ ಗೊತ್ತಾದ ಭಂಗಿಗೆ ನಮ್ಮ ಮೈ ಹೋಗಬೇಕು. 'ವಲಿಞ್ಞಮರ್ನ್' ಎಂದರೆ ಒಂದು ಕಾಲು ಹಿಂದಕ್ಕೆ ಎಳೆದು ತಗ್ಗಿ ಕೂರುವುದು. 'ನಿವರ್ನ್' ಎಂದರೆ ನೆಟ್ಟಗೆ ಏಳುವುದು. ಎಡ, ಬಲ, ತಿರುಗು, ಒದೆ, ಎಲ್ಲಕ್ಕೂ ಪದ ಉಂಟು. ಪದದ ಅರ್ಥ ಗೊತ್ತಿರಬೇಕೆಂದಿಲ್ಲ ಎಂದರು ಆಶಾನ್. ಯೋಚಿಸಿದರೆ ತಡವಾಗುತ್ತದೆ, ಕಿವಿಯಿಂದ ನೇರ ಕಾಲಿಗೆ ಹೋಗಬೇಕು. ವತ್ಸಮ್ಮ ಮಾತ್ರ ಅವರು ಕೂಗುವ ಮೊದಲೇ ಕಾಲೆತ್ತಿಬಿಡುತ್ತಿದ್ದಳು. ಅವರಿಗೆ ಸಿಟ್ಟು ಬಂದದ್ದು ಆಗ ಮಾತ್ರ. ಬಾಯಿ ಹೇಳುವ ಮೊದಲು ಕಾಲು ಹೋದರೆ ಅದು ವಿದ್ಯೆ ಅಲ್ಲ, ಕೋತಿ ಕುಣಿತ ಎಂದು ಬೈದರು.

ನಾನು ಒಳ್ಳೆಯ ಶಿಷ್ಯೆಯಾದೆ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಹದಿನಾರು ತಿಂಗಳು ಬೇರೆಯವರು ಹೇಳಿದಾಗ ಎದ್ದು ಹೇಳಿದಾಗ ಕೂತವಳಿಗೆ ಇದು ಹೊಸತಾಗಿರಲಿಲ್ಲ. ಪದ ಬಂತು, ಮೈ ಹೋಯಿತು. ನಡುವೆ ನಾನು ಇರಬೇಕಾದ ಅಗತ್ಯವೇ ಬೀಳಲಿಲ್ಲ. ಇಂಥ ಶಿಷ್ಯೆ ಸಿಕ್ಕಿಲ್ಲ ಎಂದು ಆಶಾನ್ ಬೋಜಪ್ಪನವರಲ್ಲಿ ಹೊಗಳಿದರು. ಶತ್ರು ಯಾವಾಗ ಕೂಗುತ್ತಾನೆ ಎಂದು ನಾನು ಒಮ್ಮೆ ಕೇಳಿದೆ. ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ವಂದನೆ ಸರಿಯಾಗಿ ಮಾಡಿದರೆ ಸಮಯಕ್ಕೆ ಎಲ್ಲ ಬರುತ್ತದೆ ಎಂದರು.

ಆ ತಿಂಗಳುಗಳಲ್ಲಿ ಜತ್ತಪ್ಪ ದಾರಿಗೆ ಬರುವುದು ಕಡಿಮೆಯಾಯಿತು. ವಿದ್ಯೆಯ ಪ್ರಭಾವ ಎಂದರು ಬೋಜಪ್ಪನವರು. ಪಟೇಲರ ಗದ್ದೆಯಲ್ಲಿ ಕೊಯ್ಲು ನಡೆಯುತ್ತಿತ್ತು.

ಜನವರಿಯಲ್ಲಿ ಶಾಲೆಯ ವಾರ್ಷಿಕೋತ್ಸವ. ಹುಡುಗಿಯರ ಕೋಲಾಟದ ನಂತರ ಟೀಚರುಗಳ ಕಳರಿ ಪ್ರದರ್ಶನ ಇರಲೇಬೇಕೆಂದು ಬೋಜಪ್ಪನವರು ಹಟ ಹಿಡಿದರು. ನಾನು ಆಗುವುದಿಲ್ಲ ಎಂದೆ. ಯಾರನ್ನು ತಡೆಯಬೇಕೋ ಅವನೂ ನೋಡಲಿ, ಹೆದರಲಿ ಎಂಬುದು ಅವರ ವಾದ. ಅವನು ನೋಡಿದ. ಅಧ್ಯಕ್ಷತೆ ಪಟೇಲರದು, ಮಗನಿಗೆ ಮೊದಲ ಸಾಲಿನಲ್ಲಿ ಕುರ್ಚಿ. ಆಶಾನ್ ಒಂದೊಂದೇ ಪದ ಗಟ್ಟಿಯಾಗಿ ಕೂಗಿದರು, ನಾವು ಒಂದೊಂದೇ ಭಂಗಿ ತೋರಿಸಿದೆವು. ಊರಿಗೆ ತಿಳಿಯಲಿ ಎಂದು ಬೋಜಪ್ಪನವರು ಮೈಕಿನಲ್ಲಿ ಪ್ರತಿಯೊಂದಕ್ಕೂ ಕನ್ನಡದಲ್ಲಿ ಅರ್ಥ ಹೇಳಿದರು. ಕೀಲಿಕೈಯನ್ನು ಕಳ್ಳನಿಗೆ ತೋರಿಸಿ, ಯಾವ ಕಡೆಗೆ ತಿರುಗಿಸಬೇಕು ಎಂದೂ ವಿವರಿಸಿದ ಹಾಗಾಯಿತು. ಜತ್ತಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಪಟೇಲರು ನನಗೆ ಒಂದು ಹಿತ್ತಾಳೆಯ ತಂಬಿಗೆ ಬಹುಮಾನ ಕೊಟ್ಟರು.

ಫೆಬ್ರವರಿಯ ಎರಡನೆಯ ವಾರ, ಮಂಗಳವಾರ. ಸಂಜೆ ಐದು ಗಂಟೆಗೆ ಗೇರುಗುಡ್ಡೆಯ ತಿರುವಿನಲ್ಲಿ ಸೈಕಲ್ಲು ಅಡ್ಡ ನಿಂತಿತ್ತು. ಈ ಸಲ ಚೈನಿನ ನಾಟಕವಿಲ್ಲ. ಜತ್ತಪ್ಪ ದಾರಿಯ ನಡುವೆ ನಿಂತು ಕಾಯುತ್ತಿದ್ದ. ನಾನು ಹತ್ತಿರ ಬಂದಾಗ ನೆಲ ಮುಟ್ಟಿ ಎದೆ ಮುಟ್ಟಿ ವಂದನೆ ಮಾಡಿದ. ನಗಲಿಲ್ಲ. ಆಶಾನ್‌ರ ಧ್ವನಿಯಲ್ಲೇ, ಅಷ್ಟೇ ಎಳೆದು ಕೂಗಿದ:

"ವಲಿಞ್ಞಮರ್ನ್."

ನಾನು ಕೂತೆ.

ನಾನು ಕೂತೆ ಎಂಬುದು ಸರಿಯಲ್ಲ. ನನ್ನ ಬಲಗಾಲು ಹಿಂದಕ್ಕೆ ಹೋಯಿತು, ಸೊಂಟ ತಗ್ಗಿತು, ಕೈ ಎದೆಯ ಮುಂದೆ ಬಂತು. ಪುಸ್ತಕಗಳ ಚೀಲ ಧೂಳಿಗೆ ಬಿತ್ತು. ಭಂಗಿ ಚೆನ್ನಾಗಿಯೇ ಇದ್ದಿರಬೇಕು. ಅವನು ಈಗ ನಕ್ಕ. ತನ್ನಿಂದ ಇದು ಸಾಧ್ಯವಾಯಿತೆಂದು ಅವನಿಗೇ ಆಶ್ಚರ್ಯವಾದ ಹಾಗಿತ್ತು.

"ನಿವರ್ನ್."

ಎದ್ದೆ.

"ಎಂತ ಟೀಚರೇ, ಪಟೇಲರ ಮನೆ ನಾಯಿಗೂ ಇಷ್ಟು ಬುದ್ಧಿ ಇಲ್ಲ ಮಾರಾಯ್ರೆ. ಇನ್ನೊಂದು ಸಲ ನೋಡುವ. ವಲಿಞ್ಞಮರ್ನ್."

ಏಳು ತಿಂಗಳ ಅಭ್ಯಾಸ. ಪುನಃ ಕೂತೆ. ಇದು ಗೊತ್ತಾಗಿದ್ದರೆ, ಓಡಬಹುದಿತ್ತು ಎಂದು ಆಮೇಲೆ ಎಷ್ಟೋ ಜನ ಹೇಳುತ್ತಿದ್ದರು. ಕಳರಿಗೆ ಸೇರುವ ಮೊದಲು ನಾನು ಪೊದೆಗೆ ಇಳಿದು ದಾಟುತ್ತಿದ್ದೆ. ಆ ದಡ್ಡ ಉಪಾಯ ಏಳು ಸಲ ಕೆಲಸ ಮಾಡಿತ್ತು.

ಅವನು ಏಳಲಿಕ್ಕೆ ಹೇಳಲಿಲ್ಲ. ಹತ್ತಿರ ಬಂದ. ನನ್ನ ಗಲ್ಲದ ಅಡಿಗೆ ಕೈ ಹಾಕಿ ಮುಖ ಎತ್ತಿದ. ಹೆಬ್ಬೆರಳು ತುಟಿಯ ಮೇಲೆ ಬಂತು. ಬೆರಳಿಗೆ ಸೈಕಲ್ಲಿನ ಎಣ್ಣೆಯ ವಾಸನೆ ಇತ್ತು.

ಯಾವ ಪದವೂ ಬರಲಿಲ್ಲ. ನನ್ನ ಕೈ ನೆಲಕ್ಕೆ ಹೋಯಿತು. ಗಾಡಿಯ ಚಕ್ರಕ್ಕೆ ಸಿಕ್ಕಿ ಎದ್ದ ಒಂದು ಕೆಂಪು ಮುರಕಲ್ಲು ಅಲ್ಲಿತ್ತು, ತೆಂಗಿನಕಾಯಿಯಷ್ಟು ದೊಡ್ಡದು. ಎರಡೂ ಕೈಯಲ್ಲಿ ಹಿಡಿದು ಎದುರಿಗೇ ಇದ್ದ ಅವನ ಮೊಳಕಾಲಿನ ಕೆಳಗೆ, ಎಲುಬಿನ ಮೇಲೆ ಹೊಡೆದೆ. ಅವನು ಬಿದ್ದ ಮೇಲೆ ಅದೇ ಜಾಗಕ್ಕೆ ಇನ್ನೊಮ್ಮೆ ಹೊಡೆದೆ. ಒಣಕಟ್ಟಿಗೆ ಮುರಿದ ಸದ್ದು. ಆಮೇಲೆ ಪುಸ್ತಕಗಳನ್ನು ಹೆಕ್ಕಿ, ಧೂಳು ಕೊಡವಿ, ಕಡಬಕ್ಕೆ ನಡೆದೆ. ಕೋಣೆಗೆ ಬಂದು ಅಕ್ಕಿ ಆರಿಸಿದೆ. ಇಪ್ಪತ್ತು ಉತ್ತರಪತ್ರಿಕೆ ತಿದ್ದಿದೆ. ಎಷ್ಟೋ ದಿನಗಳ ನಂತರ ಹಸಿವಾಗಿತ್ತು.

ಬಿದಿರು ಹೊತ್ತು ಬರುತ್ತಿದ್ದ ಇಬ್ಬರು ಜತ್ತಪ್ಪನನ್ನು ಎತ್ತಿಕೊಂಡು ಹೋದರಂತೆ. ಪುತ್ತೂರಿನ ಆಸ್ಪತ್ರೆ ದೂರ. ಹತ್ತಿರದಲ್ಲಿ ಎಲುಬು ಕೂಡಿಸುವವರು ಒಬ್ಬರೇ: ಈಪ್ಪನ್ ಆಶಾನ್. ಮೊಟ್ಟೆಯ ಬಿಳಿ, ಎಣ್ಣೆ, ಬಿದಿರಿನ ದಬ್ಬೆ ಇಟ್ಟು ಕಟ್ಟು ಕಟ್ಟಿದರು. ಏಳು ತಿಂಗಳಲ್ಲಿ ಆ ವಿದ್ಯೆ ಒಬ್ಬ ಮನುಷ್ಯನ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಆ ಮನುಷ್ಯ ಜತ್ತಪ್ಪ.

ಮಗನಿಗೆ ಏನಾಯಿತೆಂದು ಪಟೇಲರು ಕೇಳಿದಾಗ ಅವನು ಒಂದು ಕ್ಷಣ ಯೋಚಿಸಿರಬೇಕು. ಒಬ್ಬ ವಿಧವೆ ಕಲ್ಲಿನಿಂದ ಹೊಡೆದಳು ಎಂದು ಯಾವ ಗಂಡಸು ಹೇಳುತ್ತಾನೆ? ಮಾತನಾಡಿಸಲು ಹೋದಾಗ ಟೀಚರ್ ಮರ್ಮ ಹಿಡಿದಳು, ಬೆರಳು ಮುಟ್ಟಿದ್ದು ಅಷ್ಟೆ, ಕಾಲು ತನ್ನಿಂದ ತಾನೇ ಹೋಯಿತು ಎಂದ. ಗುರುವಾರದ ಹೊತ್ತಿಗೆ ಕಡಬದ ಚಹಾದಂಗಡಿಗಳಲ್ಲಿ ನಾನು ಎರಡು ಬೆರಳು ಮಾತ್ರ ಬಳಸಿದ್ದೆ. ಶುಕ್ರವಾರ ಒಂದೇ ಬೆರಳು.

ಮಾತು ಸುಳ್ಯ ದಾಟಿ ಸಂಪಾಜೆಗೆ ಮುಟ್ಟಲು ಮೂರು ದಿನ ಸಾಕಾಯಿತು. ಶನಿವಾರ ಮಧ್ಯಾಹ್ನ ಭಾವ ಶಾಲೆಗೆ ಬಂದರು. ನನ್ನ ಪೆಟ್ಟಿಗೆ ಕಟ್ಟಲು ಹಗ್ಗವನ್ನೂ ತಂದಿದ್ದರು. ಬೋಜಪ್ಪನವರ ಕೋಣೆಯಲ್ಲಿ ಪಟೇಲರು ಕೂತಿದ್ದರು. ನಾನು ಹೋಗುವ ಮೊದಲು ಆಶಾನ್ ನನ್ನನ್ನು ಜಗಲಿಯ ತುದಿಗೆ ಕರೆದರು.

"ಟೀಚರೇ, ಅದು ಕಲ್ಲು. ಗಾಯದಲ್ಲಿ ಕೆಂಪು ಪುಡಿ ಇತ್ತು, ನಾನೇ ತೊಳೆದದ್ದು." ಅವರು ನನ್ನ ಮುಖ ನೋಡಲಿಲ್ಲ. "ನಿನ್ನೆ ಒಂದೇ ದಿನ ಹದಿನಾಲ್ಕು ಜನ ಕಲಿಯಲಿಕ್ಕೆ ಬಂದಿದ್ದಾರೆ. ನನ್ನ ಅಪ್ಪನ ಕಾಲದಲ್ಲಿಯೂ ಹಾಗೆ ಬಂದದ್ದಿಲ್ಲ."

ನಾನು ಒಳಗೆ ಹೋದೆ.

ಬೋಜಪ್ಪನವರು ಸಂಗತಿಯನ್ನು ಎರಡು ಭಾಗ ಮಾಡಿ ಮುಂದಿಟ್ಟರು. ನಾನು ಕಲ್ಲಿನಿಂದ ಹೊಡೆದದ್ದಾದರೆ ಅದು ಹಲ್ಲೆ. ಪಟೇಲರು ಠಾಣೆಗೆ ಹೋಗುತ್ತಾರೆ, ಪುತ್ತೂರಿನ ಕೋರ್ಟು, ಸಾಕ್ಷಿ, ಶಾಲೆಗೆ ಕೆಟ್ಟ ಹೆಸರು, ನನ್ನನ್ನು ಇಟ್ಟುಕೊಳ್ಳಲಾಗುವುದಿಲ್ಲ. ನಾನು ಕಲಿತ ವಿದ್ಯೆಯನ್ನು ಬಳಸಿದ್ದಾದರೆ ಅದು ಸ್ವರಕ್ಷಣೆ. ವಿದ್ಯೆಗೆ ಗೌರವ, ಶಾಲೆಗೆ ಗೌರವ, ಪಟೇಲರ ಮಗನೂ ಒಂದು ದೊಡ್ಡ ವಿದ್ಯೆಗೆ ಸೋತ ಹಾಗೆ. ಅದರಲ್ಲಿ ಯಾರಿಗೂ ಅವಮಾನ ಇಲ್ಲ. ಅವನು ನನ್ನ ತುಟಿಯ ಮೇಲೆ ಬೆರಳಿಟ್ಟದ್ದು ಎರಡು ಭಾಗದಲ್ಲಿ ಯಾವುದಕ್ಕೂ ಸೇರಲಿಲ್ಲ.

ಭಾವ ನಿಂತೇ ಇದ್ದರು. ಅವರು ನಮ್ಮ ಅರೆಭಾಷೆಯಲ್ಲಿ ನನಗೆ ಮಾತ್ರ ಕೇಳುವ ಹಾಗೆ ಹೇಳಿದರು: "ಠಾಣೆ, ಕೋರ್ಟು ಆದರೆ ನಿಂಗೆ ಈ ಕೆಲ್ಸ ಬೊತ್ತು. ಈಗಲೇ ಬಾ ಮನೆಗೆ." ಬೊತ್ತು ಎಂದರೆ ಬೇಡ. ಆಮೇಲೆ, ಮರ್ಮವಿದ್ಯೆ ಎಂದು ಸುಳ್ಯದ ಬಸ್‌ಸ್ಟ್ಯಾಂಡಿನಲ್ಲಿ ಜನ ತಮ್ಮನ್ನು ನಿಲ್ಲಿಸಿ ಕೇಳಿದರೆಂದೂ, ಹಾಗಾದರೆ ಅದು ಬೇರೆ ವಿಷಯ ಎಂದೂ ಎಲ್ಲರಿಗೂ ಕೇಳುವ ಹಾಗೆ ಸೇರಿಸಿದರು. ಅವರ ಧ್ವನಿಯಲ್ಲಿ ಹೆಮ್ಮೆಯಂಥದ್ದು ಏನೋ ಇತ್ತು. ಹಗ್ಗ ಕೈಯಲ್ಲೇ ಇತ್ತು.

ಪಟೇಲರು ಈಗ ಕೇಳಿದರು: "ನಿಜ ಹೇಳಿ ಟೀಚರೇ. ಮರ್ಮವಾ?"

ಹಟ್ಟಿಯ ಕಡೆಗೆ ತೆರೆಯುವ ಕಿಟಕಿಯೊಂದೇ ನನ್ನ ಕಣ್ಣ ಮುಂದೆ ಇತ್ತು.

"ಹೌದು," ಎಂದೆ.

"ಯಾವ ಮರ್ಮ?"

"ಹೇಳಬಾರದು ಅಂತ ಆಶಾನ್ ಹೇಳಿದ್ದಾರೆ."

ಬಾಗಿಲಲ್ಲಿ ನಿಂತಿದ್ದ ಆಶಾನ್ ಗಂಭೀರವಾಗಿ ತಲೆಯಾಡಿಸಿದರು. ಬೋಜಪ್ಪನವರು ಶಾಲೆಯ ದಾಖಲೆ ಪುಸ್ತಕ ತರಿಸಿ, ಶಿಕ್ಷಕಿಯು ಪ್ರಾಚೀನ ವಿದ್ಯೆಯಿಂದ ಆತ್ಮರಕ್ಷಣೆ ಮಾಡಿಕೊಂಡಿರುತ್ತಾಳೆ ಎಂದು ಬರೆದರು. ನಾನು ರುಜು ಹಾಕಿದೆ. ಭಾವ ಚಹಾ ಕುಡಿದು ಸಂಜೆಯ ಬಸ್ಸಿಗೆ ಹೊರಟುಹೋದರು.

ಕೆಲಸ ಉಳಿಯಿತು. ಗೇರುಗುಡ್ಡೆಯ ತಿರುವಿನಲ್ಲಿ ಆಮೇಲೆ ಯಾರೂ ನಿಲ್ಲಲಿಲ್ಲ. ಎದುರು ಬರುವ ಗಂಡಸರು ನನ್ನ ಕೈಬೆರಳುಗಳನ್ನು ನೋಡಿ ದಾರಿ ಬಿಡುತ್ತಿದ್ದರು. ಹಾಗೆ ನೋಡಿದರೆ ಕಳರಿ ನನ್ನನ್ನು ಕಾಪಾಡಿತು ಎನ್ನಬೇಕು. ಒಂದು ಸುಳ್ಳು ಎಷ್ಟು ಕಾಪಾಡಬಹುದೋ ಅಷ್ಟು.

ಲೋಲಾಕ್ಷಿಯ ವಿಷಯ ಬೇರೆ. ಮಾರ್ಚಿನಲ್ಲಿ ಒಂದು ರಾತ್ರಿ ಊಟ ಮಾಡುವಾಗ ಅವಳು, ನಾಳೆಯಿಂದ ತನಗಾಗಿ ಕಾಯುವುದು ಬೇಡ, ಬೆಳಿಗ್ಗೆ ಬೇಗ ಹೋಗಿ ಮಕ್ಕಳಿಗೆ ಕವಾಯತು ಮಾಡಿಸಬೇಕು, ತೋಡಿನ ಬದಿಯ ಒಳದಾರಿಯಲ್ಲಿ ಒಬ್ಬಳೇ ಹೋಗುತ್ತೇನೆ ಎಂದಳು. ಆ ದಾರಿಯಲ್ಲಿ ಹಾಡಹಗಲೇ ಹೆಂಗಸರು ಹೋಗುವುದಿಲ್ಲ. ಹೆದರಿಕೆ ಇಲ್ಲವೇ ಎಂದು ಕೇಳಿದೆ. ವಿದ್ಯೆ ಉಂಟಲ್ಲ ಎಂದಳು.

ನಾನು ಊಟ ಬಿಟ್ಟು ಅವಳಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವನು ಪದ ಕೂಗಿದ್ದು, ನಾನು ಎರಡು ಸಲ ಕೂತದ್ದು, ಕಲ್ಲು. ಇದು ಬೋಜಪ್ಪನವರಿಗೆ ಮುಟ್ಟಿದರೆ ನನ್ನ ಕೆಲಸ ಹೋಗುತ್ತದೆ ಎಂಬುದನ್ನೂ ಹೇಳಿದೆ. ಅವಳು ಕಣ್ಣರಳಿಸಿ ಪೂರ್ತಿ ಕೇಳಿದಳು. ಕೊನೆಗೆ ನಕ್ಕಳು.

"ನನಗೆ ಗೊತ್ತುಂಟು ಟೀಚರೇ. ಗುಟ್ಟು ಯಾರಿಗೂ ಬಿಟ್ಟು ಕೊಡ್ಬಾರ್ದು ಅಂತ ಆಶಾನ್ ಹೇಳಿದ್ದಾರಲ್ಲ. ಬೇಡ, ಹೇಳ್ಬೇಡಿ. ನಾನಾಗಿ ಕಲಿತುಕೊಳ್ತೇನೆ."

ಏನು ಹೇಳಿದರೂ ಅವಳು ನಂಬಲಿಲ್ಲ. ಹೆಚ್ಚು ಹೇಳಿದಷ್ಟೂ ಗುಟ್ಟು ದೊಡ್ಡದು ಎಂದುಕೊಂಡಳು. ಅಂಗಳಕ್ಕೆ ಹೋಗಿ ಮುಷ್ಟಿಗೆ ಹಿಡಿಯುವಷ್ಟು ಒಂದು ಕಲ್ಲು ತಂದು ಅವಳ ಚೀಲದಲ್ಲಿ ಇಟ್ಟೆ. ಅದಕ್ಕೂ ನಕ್ಕಳು.

ಬೆಳಿಗ್ಗೆ ಏಳುವಾಗ ಅವಳು ಹೊರಟಾಗಿತ್ತು. ಕಲ್ಲು ಹೊಸ್ತಿಲ ಹೊರಗಿತ್ತು. ತಲೆ ಬಾಚದೆ, ಅದನ್ನು ಎತ್ತಿಕೊಂಡು, ತೋಡಿನ ದಾರಿಯಲ್ಲಿ ಅವಳ ಹಿಂದೆ ಓಡಿದೆ.